ಒಂದು ರವಿವಾರದ ಹನ್ನೆರಡು ಕಾಗದ

ಹುಬ್ಬಳ್ಳಿಯ ಕಮರಿಪೇಟೆಯ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಮಾಸ್ತರನಾಗಿದ್ದೆ. ಅಷ್ಟು ವರ್ಷವೂ ಓಣಿಯವರ ಕಾಗದಗಳನ್ನು ಓದಿ ಹೇಳುವ, ಅವರು ಹೇಳಿದ್ದನ್ನು ಬರೆದುಕೊಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿತ್ತು. ಯಾರ ಮನೆಯಲ್ಲಿ ಹುಟ್ಟು, ಯಾರ ಮನೆಯಲ್ಲಿ ಜಗಳ, ಯಾರ ಮಗಳನ್ನು ಗಂಡ ಇನ್ನೂ ಕರೆದೊಯ್ದಿಲ್ಲ, ಎಲ್ಲವೂ ಮೊದಲು ನನ್ನ ಕಣ್ಣಿಗೆ ಬಿದ್ದು ಆಮೇಲೆ ಅವರ ಕಿವಿಗೆ ಹೋಗುತ್ತಿತ್ತು. ಅವುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಯಮನಪ್ಪನ ಕಾಗದಗಳು ಮಾತ್ರ ಮರೆತಿಲ್ಲ. ಅವನ ಕಥೆ ಹೇಳಹೊರಟರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಬಾಯಿಬಿಟ್ಟಿರಲಿಲ್ಲ.

ಯಮನಪ್ಪ ರೈಲ್ವೆ ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದ. ನವಲಗುಂದದ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಹುಬ್ಬಳ್ಳಿಗೆ ಬಂದು ಕಬ್ಬಿಣದ ಕೆಲಸ ಕಲಿತವನು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ. ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಮಾತು ಕಡಿಮೆ. ಒಂದು ತಿರುಪು ಬಿಗಿಮಾಡಿದರೆ ಅದನ್ನು ಎರಡನೆಯ ಸಲ ಮುಟ್ಟಬೇಕಾಗಿಲ್ಲ ಎಂದು ಕಾರಖಾನೆಯಲ್ಲಿ ಹೆಸರಿತ್ತು. 1925ರಲ್ಲಿ ಪೂರ್ವ ಆಫ್ರಿಕಾದಲ್ಲಿ ಹೊಸ ರೈಲು ದಾರಿ ಹಾಕುತ್ತಿದ್ದ ಗುತ್ತಿಗೆದಾರನೊಬ್ಬನ ಏಜೆಂಟ ಹುಬ್ಬಳ್ಳಿಗೆ ಬಂದು ಫಿಟ್ಟರುಗಳನ್ನು ಹುಡುಕಿದಾಗ ಯಮನಪ್ಪ ಮೂರು ವರ್ಷದ ಕರಾರಿಗೆ ಸಹಿ ಹಾಕಿದ. ಜೊತೆಗೆ ಕೇಶ್ವಾಪುರದ ಮಕಬೂಲಸಾಬನೂ ಹೊರಟ. ಇಬ್ಬರೂ ಒಂದೇ ಕಾರಖಾನೆಯವರು. ಮಕಬೂಲಸಾಬ ವಯಸ್ಸಿನಲ್ಲಿ ಹಿರಿಯ, ನಾಲ್ಕು ಮಕ್ಕಳ ತಂದೆ.

ಯಮನಪ್ಪನಿಗೆ ಆಗಷ್ಟೇ ಮೊದಲ ಕೂಸು ಹುಟ್ಟಿತ್ತು. ಮೂರು ತಿಂಗಳ ಹೆಣ್ಣು. ತೀರಿಹೋದ ತಾಯಿಯ ಹೆಸರನ್ನೇ ಇಟ್ಟು ಫಕೀರವ್ವ ಎಂದು ಕರೆಯುತ್ತಿದ್ದ. ಹೆಂಡತಿ ಬೀರವ್ವನಿಗೆ ಇಪ್ಪತ್ತು ತುಂಬಿರಲಿಲ್ಲ. ಮಗಳ ಜೊತೆಗಿರಲು ಅವಳ ತಾಯಿ ಮುದಕವ್ವ ಹಳ್ಳಿ ಬಿಟ್ಟು ಬಂದಳು. ಹೊರಡುವ ಹಿಂದಿನ ದಿನ ಯಮನಪ್ಪ ನಮ್ಮ ಕಟ್ಟೆಗೆ ಬಂದು ನಿಂತ.

"ಬಿಂದುಮಾಧವ ಮಾಸ್ತರ, ಕಾಗದಾ ನಿಮ್ಮ ಹೆಸರೀಲೆ ಹಾಕತೇನ್ರಿ. ಆಕಿಗೆ ಓದಾಕ ಬರೂದಿಲ್ಲ. ನೀವು ಓದಿ ಹೇಳ್ರಿ, ಆಕಿ ಹೇಳಿದ್ದು ಬರದು ಕಳಸ್ರಿ."

"ಅದಕ್ಕೇನಪಾ, ಆರಾಮ ಹೋಗಿ ಬಾ. ಕಾಗದದ ಚಿಂತೀ ನನಗ ಬಿಡು," ಎಂದೆ.

ಅವನು ಹೋದ ಊರಿನ ಹೆಸರು ನಕುರು. ಅಲ್ಲಿಂದ ಬಂದ ಮೊದಲನೆಯ ಕಾಗದವನ್ನು ಬೀರವ್ವ ಮೂರು ಸಲ ಓದಿಸಿಕೊಂಡಳು. ಅಲ್ಲಿ ಟಪಾಲಿನವನು ಮನೆಮನೆಗೆ ಬರುವುದಿಲ್ಲವಂತೆ. ಟಪಾಲ ಕಚೇರಿಯ ಗೋಡೆಗೆ ಸಾಲಾಗಿ ಪೆಟ್ಟಿಗೆ ಹಾಕಿ ಒಂದೊಂದಕ್ಕೆ ಒಂದೊಂದು ನಂಬರ ಕೊಟ್ಟಿರುತ್ತಾರಂತೆ. ಯಾರ ಪೆಟ್ಟಿಗೆಯೋ ಅವರೇ ಹೋಗಿ ಬೀಗ ತೆಗೆದು ತಂದುಕೊಳ್ಳಬೇಕು. ಗುತ್ತಿಗೆದಾರನ ಪೆಟ್ಟಿಗೆಯ ಕೀಲಿ ಉಗ್ರಾಣದ ಕಾರಕೂನ ಏಕನಾಥ ಎಂಬವನ ಕೈಯಲ್ಲಿತ್ತು. ಅವನು ಬೆಳಗಾವಿಯ ಕಡೆಯವನು. ಹದಿನೈದು ದಿನಕ್ಕೊಮ್ಮೆ ಮೊಂಬಾಸಾ ಬಂದರಿನಿಂದ ಮುಂಬಯಿಗೆ ಹಡಗು. ಆ ಹಡಗು ತಪ್ಪಿದರೆ ಕಾಗದ ಇನ್ನೊಂದು ಹಡಗಿನವರೆಗೆ ಕೂತಿರಬೇಕು. ಹಡಗಿಗೆ ಸರಿಯಾಗಿ ಹಾಕಿದರೆ ಮೂರು ವಾರಕ್ಕೆ ಹುಬ್ಬಳ್ಳಿ.

"ಗ್ವಾಡ್ಯಾಗ ಪೆಟಗಿ ಅಂತ! ಕಾಗದಾ ಬಂದೈತೋ ಇಲ್ಲೋ ಅಂತ ಯಾವಾಗಲೂ ಬೀಗಾ ತಗದು ನೋಡಬೇಕೇನ್ರಿ?" ಎಂದು ಬೀರವ್ವ ನಕ್ಕಳು. ಕೂಸು ಅವಳ ತೊಡೆಯ ಮೇಲೆ ಮಲಗಿ ಲಕೋಟೆಯ ಮೂಲೆಯನ್ನು ಬಾಯಿಗೆ ಇಟ್ಟುಕೊಂಡಿತ್ತು.

ಮೂರು ನಾಲ್ಕು ಕಾಗದ ಬಂದ ಮೇಲೆ ನಿಂತುಹೋಯಿತು. ಒಂದು ಹಡಗಿನ ಟಪಾಲು ಬಂತು, ಯಮನಪ್ಪನದಿಲ್ಲ. ಇನ್ನೊಂದು ಬಂತು, ಇಲ್ಲ. ಮೂರನೆಯದಕ್ಕೂ ಇಲ್ಲ. ಬೀರವ್ವ ದಿನಾ ಮುಂಜಾನೆ ನಮ್ಮ ಕಟ್ಟೆಗೆ ಬಂದು ಮಾತಾಡದೆ ನಿಲ್ಲುತ್ತಿದ್ದಳು. ನಾನು ತಲೆಯಲ್ಲಾಡಿಸಿದರೆ ಹೊರಟುಹೋಗುತ್ತಿದ್ದಳು. ಆ ಕಾಡಿನಲ್ಲಿ ಸಿಂಹ ಮನುಷ್ಯರನ್ನು ಎಳೆದೊಯ್ಯುತ್ತವಂತೆ ಎಂದು ಯಾರೋ ನೀರು ತರುವಲ್ಲಿ ಅಂದರು. ಎರಡು ತಿಂಗಳಾಗುವಷ್ಟರಲ್ಲಿ ಅವಳು ಹೂ ಮುಡಿಯುವುದನ್ನು ಬಿಟ್ಟಿದ್ದಳು. ಎದೆಹಾಲು ಬತ್ತಿತು. ಆಮೇಲೆ ಒಂದು ದಿನ ಕಾಗದ ಬಂತು. ಯಮನಪ್ಪ ಆರಾಮಾಗಿದ್ದ. ದಾರಿ ಹಾಕುವ ಕ್ಯಾಂಪು ನಕುರಿನಿಂದ ದೂರ ಕಾಡಿನೊಳಗೆ ಹೋಗಿತ್ತು. ಮಳೆಗಾಲದಲ್ಲಿ ಟಪಾಲು ಹೊತ್ತು ತರುತ್ತಿದ್ದವನು ಹೊಳೆ ದಾಟುವಾಗ ಚೀಲ ಕೊಚ್ಚಿಹೋಯಿತು. ಆಳು ಮಾತ್ರ ಈಜಿ ದಂಡೆ ಸೇರಿದ. ಆ ಚೀಲದಲ್ಲಿ ಇವನ ಎರಡು ಕಾಗದಗಳಿದ್ದವು.

ಆ ದಿನ ನಾನು ಸಿಟ್ಟಿನಿಂದ ಬರೆದೆ. "ನಿನ್ನ ಹೆಂಡತಿ ಅರ್ಧ ಜೀವವಾಗಿದ್ದಾಳೆ. ನಾಲ್ಕು ಸಾಲಾದರೂ ಸರಿ, ಹದಿನೈದು ದಿನಕ್ಕೊಂದು ಕಾಗದ ತಪ್ಪದೆ ಬರಬೇಕು. ಹೇಗೆ ಕಳಿಸುತ್ತೀಯೋ ನಿನಗೆ ಬಿಟ್ಟದ್ದು."

ಅಲ್ಲಿಂದ ಮುಂದೆ ಕಾಗದಗಳು ಗಡಿಯಾರದ ಹಾಗೆ ಬರತೊಡಗಿದವು. ಒಂದೂ ತಪ್ಪಲಿಲ್ಲ. ಓಣಿಯ ಹೆಂಗಸರು ತಮ್ಮ ಗಂಡಂದಿರಿಗೆ ಯಮನಪ್ಪನ ಹೆಸರು ಹೇಳಿ ಮಾತಾಡತೊಡಗಿದರು. ನನಗೂ ಒಳಗೊಳಗೇ ಹೆಮ್ಮೆ, ನನ್ನ ಮಾತು ನಾಟಿತಲ್ಲ ಎಂದು.

ಅದು ಹೇಗೆ ಸಾಧ್ಯವಾಯಿತೆಂಬುದನ್ನು ಯಮನಪ್ಪನೇ ಮುಂದೆ ನನಗೆ ಹೇಳಿದ. ಅವನು ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ.

ನನ್ನ ಕಾಗದ ಓದಿ ಅವನಿಗೆ ನಾಚಿಕೆಯಾಯಿತಂತೆ. ಸಾಮಾನು ಒಯ್ಯಲು ಆಗ ಮಕಬೂಲಸಾಬನ ಜೊತೆ ನಕುರಿಗೆ ಇಳಿದಿದ್ದ; ಕ್ಯಾಂಪು ಇನ್ನೂ ಮುಂದಕ್ಕೆ ಹೋಗಲಿತ್ತು. ಆರು ತಿಂಗಳು ನಕುರಿಗೆ ಇಳಿಯುವುದು ಕಷ್ಟ. ಕಾಡಿನಿಂದ ಕಳಿಸಿದ ಕಾಗದದ ಭರವಸೆಯಿಲ್ಲ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಹೊರಡುವ ಮುಂಚಿನ ರವಿವಾರ ನಕುರಿನ ಬಿಡಾರದಲ್ಲಿ ಚಾಪೆ ಹಾಸಿಕೊಂಡು ಕೂತು ಹನ್ನೆರಡು ಕಾಗದಗಳನ್ನು ಒಮ್ಮೆಲೇ ಬರೆದ. ಆರು ತಿಂಗಳಿಗೆ ಹನ್ನೆರಡು. ಹನ್ನೆರಡು ಲಕೋಟೆಗಳ ಮೇಲೂ ವಿಳಾಸ ಬರೆದು, ತಿಕೀಟು ಹಚ್ಚಿ, ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು, ಎರಡು, ಮೂರು ಎಂದು ಸಣ್ಣಗೆ ಗುರುತು ಹಾಕಿ ಏಕನಾಥನ ಕೈಗೆ ಕೊಟ್ಟ. ಹಡಗಿಗೊಂದರಂತೆ ಸರತಿಯ ಪ್ರಕಾರ ಹಾಕುವುದು ಏಕನಾಥನ ಕೆಲಸ.

ಬರೆಯುವಾಗ ಮಕಬೂಲಸಾಬ ಪಕ್ಕದಲ್ಲಿ ಅಡಿಗೆ ಮಾಡುತ್ತಿದ್ದ. ಯಮನಪ್ಪ ಅವನನ್ನು ಕೇಳಿ ಕೇಳಿ ಬರೆದನಂತೆ.

"ಸಾಬ್ರ, ಕೂಸಿಗೆ ಹಲ್ಲು ಯಾವಾಗ ಬರ್ತಾವ್ರಿ?"

"ಒಂಬತ್ತ ಹತ್ತ ತಿಂಗಳಿಗೆ ಬರ್ತಾವ. ತಡಾ ಆದ್ರ ಹನ್ನೊಂದು."

ಐದನೆಯ ಕಾಗದದಲ್ಲಿ ಹಲ್ಲಿನ ಮಾತು ಸೇರಿತು.

"ನಿಲ್ಲೂದು?"

"ಗ್ವಾಡಿ ಹಿಡದು ವರ್ಷದ ಹೊತ್ತಿಗೆ ನಿಲ್ಲತಾವ. ವರ್ಷ ತುಂಬಿದ ಮ್ಯಾಲ ಹೆಜ್ಜಿ." ಮಕಬೂಲಸಾಬ ಸೌಟು ಕೆಳಗಿಟ್ಟು ನೋಡಿದ. "ಯಮನಪ್ಪಾ, ನಡುವ ಕೂಸಿಗೆ ಏನರ ಜಡ್ಡು ಬಂತಂದ್ರ ಏನ ಮಾಡ್ತಿ? ನೀ ಇಲ್ಲೆ ಹಲ್ಲಿನ ಸುದ್ದಿ ಬರದು ಇಟ್ಟಿರ್ತಿ."

"ಬಾಯಾಗ ಒಳ್ಳೆ ಮಾತು ಬರಲಿ ಸಾಬ್ರ," ಎಂದು ಯಮನಪ್ಪ ಮುಂದಿನ ಹಾಳೆ ತೆಗೆದುಕೊಂಡ.

ಇನ್ನೊಂದು ಮಾತೂ ಇದೆ. ಊರಿನಿಂದ ಬರುವ ಕಾಗದಗಳನ್ನು ವಾರಕ್ಕೊಮ್ಮೆ ಕ್ಯಾಂಪಿಗೆ ಜಲ್ಲಿ ಒಯ್ಯುವ ರೈಲುಗಾಡಿಯ ಗಾರ್ಡನ ಕೈಯಲ್ಲಿ ಕಳಿಸಲೇ ಎಂದು ಏಕನಾಥ ಕೇಳಿದ್ದ. "ಬ್ಯಾಡ್ರಿ. ಹಾದಿಯಾಗ ಎಲ್ಲರ ಕಳದಾವು. ನಿಮ್ಮ ಕಡೆನ ಇರಲಿ, ನಾನ ಬಂದು ಒಯ್ಯತೇನಿ. ಸಹಿ ಹಾಕೂದು ಬಂದ್ರ ನನ್ನ ಹೆಸರೀಲೆ ನೀವ ಹಾಕ್ರಿ," ಎಂದು ಇವನೇ ಹೇಳಿದ.

"ನಡುವ ಇಳದು ಬರಾಕ ಆಗ್ತಿರಲಿಲ್ಲ ಅಂತಲ್ಲ ಮಾಸ್ತರ," ಎಂದು ಆಮೇಲೆ ನನ್ನೆದುರು ಒಪ್ಪಿಕೊಂಡ. "ರಜಾ ಕೇಳಿದ್ರ ಕೊಡ್ತಿದ್ರು. ಕಾಗದಾ ಹೊಂಟಾವು, ಆಕಿಗೆ ಮುಟ್ಟತಾವು, ನಂದೇನ ಐತಿ ಅಂತ ಸುಮ್ಮನಾದ್ನಿ. ಒಮ್ಮೊಮ್ಮೆ ವಾರಗಟ್ಟಲೆ ಮನಿ ನೆನಪಽ ಆಗ್ತಿರಲಿಲ್ಲ. ಬರಿಯೂದು ಇದ್ರ ನೆನಪು ಮಾಡ್ಕೋಬೇಕಾಕ್ಕಿತ್ತು. ಬರಿಯೂದು ಮುಗದಿತ್ತು."

ಹುಬ್ಬಳ್ಳಿಯಲ್ಲಿ ಆಷಾಢದ ಜಡಿಮಳೆ. ಫಕೀರವ್ವನಿಗೆ ಜ್ವರ ಬಂತು, ಕಫ ಕಟ್ಟಿತು. ಮೊದಲನೆಯ ದಿನ ಮುದಕವ್ವ ಮನೆಮದ್ದು ಹಾಕಿದಳು. ಮೂರನೆಯ ದಿನ ನಾನೇ ಡಾಕ್ಟರನ್ನು ಕರೆತಂದೆ. ನಾಲ್ಕನೆಯ ದಿನ ಮಧ್ಯಾಹ್ನ ಕೂಸು ಹೋಯಿತು. ಹತ್ತು ತಿಂಗಳಾಗಿತ್ತು ಅಷ್ಟೇ. ಕೆಳಗೆ ಎರಡು ಹಲ್ಲು ಬಂದಿದ್ದವು.

ಮೂರು ದಿನ ಬಿಟ್ಟು ಬೀರವ್ವ ಬಂದು ಕೂತಳು. ಏನು ಬರೆಯಬೇಕೆಂದು ನಾನು ಕೇಳಿದೆ. "ಕೂಸು ಹೋತು ಅಂತ ಬರೀರಿ. ನಾ ಜ್ವಾಕಿ ಮಾಡಿದ್ನಿ ಅಂತ ಬರೀರಿ," ಎಂದಳು. ಬೇರೇನೂ ಹೇಳಲಿಲ್ಲ. ಮಿಕ್ಕದ್ದನ್ನು ನಾನೇ ನನಗೆ ತಿಳಿದಂತೆ ಬರೆದು ಟಪಾಲಿಗೆ ಹಾಕಿದೆ.

ಅದು ಅಲ್ಲಿ ಮುಟ್ಟಲು ಮೂರು ವಾರ, ಅಲ್ಲಿಂದ ಉತ್ತರಕ್ಕೆ ಮೂರು ವಾರ. ನಡುವೆ ಬಂದ ಎರಡು ಮೂರು ಕಾಗದಗಳಲ್ಲಿ ಅವನಿಗೆ ಸುದ್ದಿ ತಿಳಿಯದಿದ್ದುದು ಸಹಜವೇ. ಬೀರವ್ವನೂ ಹಾಗೇ ತಿಳಿದುಕೊಂಡಳು. ಶ್ರಾವಣ ಕಳೆಯುವ ಹೊತ್ತಿಗೆ ಬಂದ ಕಾಗದವನ್ನು ಮಾತ್ರ ಇಬ್ಬರೂ ಎದೆ ಗಟ್ಟಿಮಾಡಿಕೊಂಡು ಕಾದಿದ್ದೆವು. ಅವಳು ನೆಲದ ಮೇಲೆ ಕೂತಳು. ನಾನು ಲಕೋಟೆ ಹರಿದೆ. ಮಳೆ, ಕೆಲಸ, ಮಕಬೂಲಸಾಬನ ಅಡಿಗೆ, ಅದರ ಕೆಳಗೆ, "ಫಕೀರವ್ವಗ ಹಲ್ಲು ಬಂದಿರಬೇಕು. ಎಷ್ಟು ಬಂದಾವ, ಯಾರನ್ನ ಮೊದಲ ಕಡದಳು, ಬರದು ತಿಳಿಸು."

ಆ ಎರಡು ಸಾಲು ಬಿಟ್ಟು ಮುಂದಿನದನ್ನು ಓದಿದೆ.

"ಕೂಸಿನ ಸುದ್ದಿ ಏನೂ ಬರದಿಲ್ಲೇನ್ರಿ?"

"ಇಲ್ಲವಾ. ನಮ್ಮ ಕಾಗದ ಇನ್ನೂ ಮುಟ್ಟಿರಲಿಕ್ಕಿಲ್ಲ."

ಇದೇ ನನ್ನ ತಪ್ಪು. ಅವಳ ನೋವು ಉಳಿಸುತ್ತೇನೆಂದು ಹೊರಟವನು ಬೇರೆ ನೋವನ್ನು ಬಿತ್ತಿದೆ. ಮುಂದಿನ ಕಾಗದದಲ್ಲೂ ಸಾಲು ನುಂಗಿದೆ, ಅದರ ಮುಂದಿನದರಲ್ಲೂ. ಈ ನಡುವೆ ಇನ್ನೊಂದು ಕಾಗದ ಬರೆದೆವು. ಆಮೇಲೆ ಬೀರವ್ವನೇ ಕೇಳಿದಳು, ಖಾತ್ರಿಯಾಗಿ ಮುಟ್ಟುವ ಹಾಗೆ ಕಳಿಸಲು ಏನಾದರೂ ದಾರಿ ಇದೆಯೇ ಎಂದು. ರಜಿಸ್ಟರ್ ಮಾಡಿ, ಮುಟ್ಟಿದ್ದಕ್ಕೆ ಸಹಿ ಹಾಕಿದ ರಸೀದಿ ತಿರುಗಿ ಬರುವಂತೆ ಕಳಿಸಬಹುದು ಎಂದೆ. ಅವಳೂ ನನ್ನ ಜೊತೆ ಟಪಾಲ ಕಚೇರಿಗೆ ಬಂದಳು. ಗುಮಾಸ್ತ ಲಕೋಟೆಗೆ ಮುದ್ರೆ ಹಾಕುವುದನ್ನು ಕಿಟಕಿಯ ಹೊರಗೆ ನಿಂತು ನೋಡಿದಳು.

ದಸರೆಯ ಹೊತ್ತಿಗೆ ಆ ರಸೀದಿ ತಿರುಗಿ ಬಂತು. ಕೆಳಗೆ ಇಂಗ್ಲಿಷಿನಲ್ಲಿ ಗೀಚಿದ ಸಹಿ, ನಕುರಿನ ಮುದ್ರೆ. ಅದೇ ವಾರ ಯಮನಪ್ಪನ ಇನ್ನೊಂದು ಕಾಗದವೂ ಬಂದಿತ್ತು; ಅದನ್ನೂ ಸಾಲು ನುಂಗಿಯೇ ಓದಿದ್ದೆ. ಎರಡನ್ನೂ ಹಿಡಿದು ಕೂತಿದ್ದ ನನ್ನ ಮುಖವನ್ನೇ ನೋಡುತ್ತ ಬೀರವ್ವ ಹೇಳಿದಳು:

"ಹಂಗಾರ ಮುಟ್ಟೇತಿ. ಮುಟ್ಟಿದ್ರೂ ಕೂಸಿನ ಹೆಸರ ಎತ್ತಲಿಲ್ಲ. ಹೆಣ್ಣ ಕೂಸಂತ ಇರಬೇಕು, ಅಲ್ಲೇನ್ರಿ?"

ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. "ಇಲ್ಲವಾ, ಅವ ಬರದಾನ. ಪ್ರತಿ ಕಾಗದದಾಗೂ ಬರದಾನ. ನಾನಽ ಓದಿಲ್ಲ," ಎಂದುಬಿಟ್ಟೆ.

"ಏನ ಬರದಾರ?"

ಕೈಯಲ್ಲಿದ್ದುದನ್ನೇ ಓದಿದೆ. "ಫಕೀರವ್ವ ಗ್ವಾಡಿ ಹಿಡದು ನಿಲ್ಲತಾಳೇನು? ಬಿದ್ದಾಳು, ಜ್ವಾಕಿ."

ಬೀರವ್ವ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಮುದಕವ್ವ ಬಾಗಿಲಲ್ಲಿ ನಿಂತು, "ಅವಗ ತಲಿ ಕೆಟ್ಟೈತೇನ್ರಿ ಮಾಸ್ತರ? ಸತ್ತ ಕೂಸನ್ನ ನಿಲ್ಲಿಸಿ ನೋಡಂತಾನೇನು?" ಎಂದು ದೊಡ್ಡ ದನಿ ತೆಗೆದಳು. ಬೀರವ್ವ ಎದ್ದು ನಿಂತು ನನಗೆ ಒಂದೇ ಮಾತು ಹೇಳಿದಳು.

"ನನಗ ಅಕ್ಷರ ಕಲಸ್ರಿ ಮಾಸ್ತರ. ಇನ್ನ ಮ್ಯಾಲ ನಂದು ನಾನ ಓದಕೋತೇನಿ."

ಆಗ ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಆ ಸಂಕಟವನ್ನೆಲ್ಲ ಅದೇ ದಿನ ಯಮನಪ್ಪನ ಮೇಲೆ ಕಾರಿದೆ. "ನಿನಗೆ ಮೂರು ಸಲ ತಿಳಿಸಿದೆವು. ರಸೀದಿ ನನ್ನ ಕೈಯಲ್ಲಿದೆ. ಆದರೂ ಇಂಥ ಕಾಗದ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬರುತ್ತದೆ? ಇನ್ನು ಮುಂದೆ ನಿನ್ನ ಕಾಗದ ನನ್ನ ವಿಳಾಸಕ್ಕೆ ಬರುವುದು ಬೇಡ."

ಯಮನಪ್ಪ ನಕುರಿಗೆ ಇಳಿದದ್ದು ಅದಾದ ಮೂರು ವಾರಕ್ಕೆ. ಒಂದು ಪಂಪಿನ ಭಾಗ ಮುರಿದು ಅದನ್ನು ಎರಕ ಹೊಯ್ಯಿಸಲು ಬಂದಿದ್ದ. ಉಗ್ರಾಣದ ಹೊಸ್ತಿಲಲ್ಲೇ ಏಕನಾಥ ನಗುನಗುತ್ತ ಎದುರಾದ.

"ನೋಡ್ರಿ ಯಮನಪ್ಪ, ಒಂದೂ ತಪ್ಪಿಲ್ಲ. ಮೊನ್ನೆ ಹನ್ನೊಂದನೇದ್ದು ಹೋತು. ಇನ್ನ ಒಂದ ಉಳದೈತಿ." ಜೊತೆಗೆ ದಾರ ಕಟ್ಟಿದ ನಾಲ್ಕು ಲಕೋಟೆಗಳನ್ನು ಕೈಗಿಟ್ಟ. "ನಿಮ್ಮ ಟಪಾಲ ಹಿಂಗ ಜ್ವಾಕಿ ಇಟ್ಟೇನಿ. ಒಂದ ರಜಿಸ್ಟರ್ ಇತ್ತು, ಸಹಿ ನಾನ ಹಾಕಿದೆ."

ಸರಕು ಕಟ್ಟೆಯ ಮೇಲೆ ಬಿಸಿಲಲ್ಲಿ ನಿಂತೇ ಯಮನಪ್ಪ ಅವುಗಳನ್ನು ಒಡೆದ. ತಾರೀಖಿನ ಪ್ರಕಾರ ಮೊದಲನೆಯದನ್ನು ಮೊದಲು ತೆಗೆದ, ಅವನ ರೀತಿಯೇ ಹಾಗೆ. ನಾಲ್ಕನೆಯದು ನನ್ನದು. ಅದನ್ನು ಮುಗಿಸಿ ನಾಲ್ಕನ್ನೂ ಮತ್ತೆ ದಾರದಲ್ಲಿ ಕಟ್ಟಿದ. ಏಕನಾಥ ಬಂದು ಮೈಮುಟ್ಟಿದಾಗ ಕೇಳಿದ್ದು ಒಂದೇ: "ಹನ್ನೊಂದನೇದ್ದು ತಿರುಗಿ ತರಸಾಕ ಬರತೈತೇನ್ರಿ?"

ಬರುವುದಿಲ್ಲವೆಂದು ಏಕನಾಥ ಹೇಳಿದ. ಟಪಾಲಿಗೆ ಬಿದ್ದದ್ದು ಬಿದ್ದಂತೆಯೇ, ಹಡಗೂ ಬಿಟ್ಟಾಗಿತ್ತು. ಹನ್ನೊಂದನೆಯದರಲ್ಲಿ ಏನಿದೆ ಎಂಬುದು ಯಮನಪ್ಪನಿಗೆ ಬಾಯಿಪಾಠವಾಗಿತ್ತು. ಅವನು ಉಳಿದ ಹನ್ನೆರಡನೆಯದನ್ನು ಕೇಳಿ ತೆಗೆದುಕೊಂಡು ಅಲ್ಲೇ ಹರಿದ. ತಂತಿ ಕಳಿಸಲು ತಾರು ಆಫೀಸಿಗೆ ಹೋದ. ನಡೆದದ್ದನ್ನೆಲ್ಲ ತಾರಿನಲ್ಲಿ ಹೇಗೆ ಹೇಳುವುದು? ಕೊನೆಗೆ ಏಕನಾಥನಿಂದ ಇಂಗ್ಲಿಷಿನಲ್ಲಿ ಬರೆಸಿದ್ದು ಇಷ್ಟು: ಮುಂದೆ ಬರುವ ಕಾಗದ ಓದಬೇಡಿ, ನಾನೇ ಬರುತ್ತೇನೆ.

ಆ ತಾರು ನನಗೆ ಮುಟ್ಟಿತು. ನಡುವೆ ಬಂದ ಎರಡು ಕಾಗದಗಳನ್ನು ಅವಳು ಓದಿಸಿಕೊಂಡಿರಲಿಲ್ಲ, ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದಳು. ತಾರಿನ ಹಿಂದೆಯೇ ಬಂದ ಹನ್ನೊಂದನೆಯದನ್ನೂ ಹಾಗೇ ಅವಳ ಕೈಗೆ ಕೊಟ್ಟೆ. "ಬರ್ಲಿ. ಬಂದು ಅವರ ಓದಲಿ," ಎಂದಳು.

ಕರಾರು ಮುರಿದು ಯಮನಪ್ಪ ಊರಿಗೆ ಬಂದದ್ದು ಸಂಕ್ರಾಂತಿಯ ಮುಂಚೆ. ಬೀರವ್ವ ನನ್ನನ್ನೂ ಕರೆಸಿದಳು. "ಇಷ್ಟೂ ಕಾಗದಾ ನೀವು ಓದೀರಿ. ಈಗ ಅವರು ಹೇಳೂದನ್ನೂ ಕೇಳ್ರಿ," ಎಂದಳು. ಯಮನಪ್ಪ ಗೋಡೆಗೆ ಒರಗದೆ ನಡುಮನೆಯಲ್ಲಿ ಕೂತಿದ್ದ. ಮೈ ಸೊರಗಿರಲಿಲ್ಲ, ಕಪ್ಪಾಗಿ ಗಟ್ಟಿಯಾಗಿದ್ದ. ಅದಕ್ಕೂ ಅವನಿಗೆ ನಾಚಿಕೆಯಾದಂತಿತ್ತು.

"ಹನ್ನೆರಡೂ ಒಂದ ದಿನಾ ಬರದಿದ್ನಿ," ಎಂದ.

ಬೀರವ್ವನಿಗೆ ಮೊದಲು ತಿಳಿಯಲಿಲ್ಲ. "ಒಂದ ದಿನಾ ಅಂದ್ರ?"

"ಒಂದ ರವಿವಾರ. ಕಾರಹುಣ್ಣಿಮಿ ಹೊತ್ತಿನ್ಯಾಗ. ಬರದು ಏಕನಾಥನ ಕಡೆ ಇಟ್ಟಿದ್ನಿ. ಅಂವ ಹಾಕ್ಕೋಂತ ಹ್ವಾದಾ."

"ಕೂಸು ಆಗ ಆರಾಮಿತ್ತು."

"ಹೂಂ."

"ನಾವು ಬರದ ಕಾಗದಾ?"

"ಅಲ್ಲೇ ಇದ್ದೂ. ಇಟ್ಟಕೋರಿ ಅಂತ ನಾನ ಹೇಳಿದ್ನಿ."

ಅವಳು ಬೆರಳ ಮೇಲೆ ತಿಂಗಳು ಎಣಿಸಿದಳು. "ಹಂಗಾರ ನಾ ಪ್ರತಿ ಕಾಗದಕ್ಕೂ ಕಾಯ್ಕೋಂತ ಕುಂತಾಗ, ಆ ಹೊತ್ತಿನ್ಯಾಗ ನೀವು ನನಗ ಏನೂ ಬರದಽ ಇರಲಿಲ್ಲ."

ಯಮನಪ್ಪ ತಲೆ ಎತ್ತಲಿಲ್ಲ. "ನೀ ಅಂಜಬಾರದಂತ ಮಾಡಿದ್ನಿ," ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿ, "ಮೊದಲಿಗೆ ಅದಕ್ಕ ಮಾಡಿದ್ನಿ. ಆಮ್ಯಾಲ ಆರಾಮ ಅನಸ್ತು," ಎಂದ.

ಬೀರವ್ವ ಒಳಗೆ ಹೋಗಿ, ಒಡೆಯದೆ ಇಟ್ಟ ಮೂರರಲ್ಲಿ ಕೊನೆಯ ಲಕೋಟೆ ತಂದು ಅವನ ಮುಂದಿಟ್ಟಳು. "ಓದ್ರಿ."

"ಬ್ಯಾಡ ಬೀರವ್ವಾ."

"ನನಗಂತ ಬರದದ್ದು. ಓದ್ರಿ."

ಅವನು ಓದಿದ. ಮಳೆಬೆಳೆಯ ಮಾತು ಮುಗಿಸಿ ಆ ಸಾಲಿಗೆ ಬಂದಾಗಲೂ ನಿಲ್ಲಿಸಲಿಲ್ಲ. "ಫಕೀರವ್ವಗ ಈಗ ವರ್ಷ ದಾಟಿರಬೇಕು. ಆಕೀ ಅಂಗೈಗೆ ಶಾಯಿ ಹಚ್ಚಿ ಒಂದು ಹಾಳಿ ಮ್ಯಾಲ ಒತ್ತಿ ಕಳಸು. ಇಲ್ಲಿ ಗ್ವಾಡಿಗೆ ಹಚ್ಚಿ ದಿನಾ ನೋಡ್ತೇನಿ."

ಬೀರವ್ವ ಪೂರಾ ಕೇಳಿದಳು. "ಛಲೋ ಬರದೀರಿ," ಎಂದು ಎದ್ದು ಒಲೆಯ ಕಡೆ ಹೋದಳು. ಯಾರಾದರೂ ಬೈದಿದ್ದರೆ, ಹೊಡೆದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ನಾನೂ ಅಲ್ಲಿ ಹೆಚ್ಚು ಹೊತ್ತು ಕೂರಲಾರದೆ ಹೊರಬಿದ್ದೆ.

ಅವರು ಒಬ್ಬರನ್ನೊಬ್ಬರು ಬಿಡಲಿಲ್ಲ. ಯಮನಪ್ಪನನ್ನು ಕಾರಖಾನೆಯವರು ತಿರುಗಿ ತೆಗೆದುಕೊಳ್ಳಲಿಲ್ಲ. ಓಣಿಯ ಮೂಲೆಯಲ್ಲಿ ಬೀಗ, ಸೈಕಲ್ಲು, ಹಿಟ್ಟಿನ ಗಿರಣಿಯ ಯಂತ್ರ ದುರಸ್ತಿ ಮಾಡುವ ಅಂಗಡಿ ಹಾಕಿದ. ಮುಂದೆ ಎರಡು ಗಂಡುಮಕ್ಕಳಾದವು. ಬೀರವ್ವ ಹಟ ಬಿಡದೆ ದಿನಾ ಮಧ್ಯಾಹ್ನ ನಮ್ಮ ಮನೆಗೆ ಬಂದು ಪಾಟಿಯ ಮೇಲೆ ತಿದ್ದಿದಳು. ಎಂಟು ತಿಂಗಳಿಗೆ ಓದು ಕೂಡಿಬಂತು. ಓದಲು ಪುಸ್ತಕ ಕೊಡುತ್ತೇನೆಂದೆ. ಬೇಡವೆಂದು ಪೆಟ್ಟಿಗೆಯಿಂದ ಆ ಹನ್ನೊಂದು ಕಾಗದಗಳನ್ನೇ ತೆಗೆದಳು.

ಹೊಸದಾಗಿ ಕಲಿತವರು ಮನಸ್ಸಿನಲ್ಲೇ ಓದಲಾರರು, ದನಿ ತೆಗೆದೇ ಓದಬೇಕು. ಯಮನಪ್ಪ ಊಟಕ್ಕೆ ಬಂದು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರೆ ಒಳಗಿನಿಂದ ಅವಳ ದನಿ ಒಂದೊಂದೇ ಅಕ್ಷರವಾಗಿ ಬರುತ್ತಿತ್ತು: ಹ, ಲ್ಲು, ಹಲ್ಲು, ಬಂ, ದಿ, ರ, ಬೇಕು. "ಎದ್ದು ಹೋಗಬೇಕು ಅನಸ್ತಿತ್ತು ಮಾಸ್ತರ," ಎಂದು ಒಮ್ಮೆ ನನ್ನೆದುರು ಹೇಳಿದ. "ಎದ್ದು ಹೋಗಾಕೂ ನಾಚಿಕಿ ಆಕ್ಕಿತ್ತು. ಪೂರಾ ಕೇಳಿ ಉಣ್ಣತಿದ್ನಿ." ಅವಳು ಅವನನ್ನು ನೋಯಿಸಲು ಓದುತ್ತಿದ್ದಳೆಂದು ನನಗೆ ಅನಿಸುವುದಿಲ್ಲ. ಕೂಸಿನ ಹೆಸರು ಬರೆದದ್ದು ಅವಳ ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ.

ವರ್ಷಗಳು ಕಳೆದವು. ಎರಡನೆಯ ಮಹಾಯುದ್ಧ ಬಂತು. ಓಣಿಯ ಎಷ್ಟೋ ಮನೆಗಳ ಮಕ್ಕಳು ದಂಡಿಗೆ ಸೇರಿ ಹಡಗು ಹತ್ತಿದರು. ಪರದೇಶಕ್ಕೆ ಕಾಗದ ಹಾಕುವ ರೀತಿ ಯಮನಪ್ಪನಿಗೆ ಗೊತ್ತೆಂದು ಜನ ಅಂಗಡಿಗೆ ಬರತೊಡಗಿದರು. ಅವನು ವಿಳಾಸ ಮಾತ್ರ ಬರೆಯುತ್ತಿದ್ದ, ಅಚ್ಚಿನ ಹಾಗೆ. ಹಾಳೆಯ ಒಳಗೂ ಒಮ್ಮೆ ವಿಳಾಸ ಇರಲಿ, ಲಕೋಟೆ ನೆನೆದರೂ ತಿಳಿಯುತ್ತದೆ ಎನ್ನುತ್ತಿದ್ದ. ಒಳಗಿನ ಮಾತು ಬರೆದುಕೊಡೆಂದರೆ ಕೈಮುಗಿದು ಬೀರವ್ವನ ಕಡೆ ಕಳಿಸುತ್ತಿದ್ದ. ಈಗ ಹೆಂಗಸರ ಕಾಗದ ಓದುವವಳೂ ಬರೆಯುವವಳೂ ಅವಳೇ; ನನ್ನ ಕಣ್ಣು ಮಂಜಾಗಿತ್ತು.

1943ರಲ್ಲಿ ಒಂದು ದಿನ ನಾನು ಅವರ ಪಡಸಾಲೆಯಲ್ಲಿ ಕೂತಿದ್ದಾಗ ಕರೀಮಾಬಿ ಬಂದಳು. ಮಕಬೂಲಸಾಬನ ಹೆಂಡತಿ. ಸಾಬ ಕರಾರು ಮುಗಿಸಿ ಬಂದು, ಹತ್ತು ವರ್ಷ ಬದುಕಿ ತೀರಿಕೊಂಡಿದ್ದ. ಕಿರಿಯ ಮಗ ದಂಡಿನ ಜೊತೆ ಈಜಿಪ್ಟಿನಲ್ಲಿದ್ದ. ಎರಡು ತಿಂಗಳಿಂದ ಅವನ ಕಾಗದವಿರಲಿಲ್ಲ. ಲಕೋಟೆಯನ್ನು ಯಮನಪ್ಪನ ಮುಂದಿಟ್ಟು ಅವಳು ನಮಗೆಲ್ಲ ಕೇಳುವಂತೆ ಹೇಳಿದಳು:

"ಇವಗ ನಿಮ್ಮ ಬುದ್ಧಿ ಸ್ವಲ್ಪರ ಬರಬಾರದಾ ಅಣ್ಣಾ? ನಮ್ಮವರು ಯಾವಾಗಲೂ ಅಂತಿದ್ರು, ಯಮನಪ್ಪ ಕಾಡಿನ್ಯಾಗ ಇದ್ರೂ ಒಂದ ಹಡಗೂ ತಪ್ಪಸಲಿಲ್ಲ ಅಂತ."

ಬೀರವ್ವ ಕಾಳು ಹಸನು ಮಾಡುತ್ತಿದ್ದಳು. ಅವಳ ಕೈ ನಿಂತಿತು. ಮಕಬೂಲಸಾಬ ಆ ರವಿವಾರವನ್ನು ಕಣ್ಣಾರೆ ಕಂಡವನು. ಹೆಂಡತಿಗೂ ಹೇಳದೆ ಗೆಳೆಯನ ಮಾನ ಕಾಯ್ದಿದ್ದ. ಯಮನಪ್ಪನೂ ಸುಮ್ಮನಿದ್ದರೆ ಮುಗಿಯುತ್ತಿತ್ತು. ಹದಿನೇಳು ವರ್ಷ ಹಾಗೇ ಮುಗಿಸಿದ್ದ.

"ಸಾಬ್ರು ನನ್ನ ಮರ್ಯಾದಿ ಉಳಿಸ್ಯಾರವಾ," ಎಂದ. "ಅವು ಹದಿನೈದು ದಿನಕ್ಕೊಮ್ಮೆ ಬರದಿದ್ದಲ್ಲ. ಒಂದ ದಿನಾ ಕುಂತು ಎಲ್ಲಾ ಬರದು ಇಟ್ಟಿದ್ನಿ. ನನ್ನ ಮಗಳು ಹೋಗಿದ್ಲು, ನನ್ನ ಕಾಗದಾ ಆಕಿಗೆ ಹಲ್ಲು ಬಂದಾವೇನು ಅಂತ ಕೇಳಕೋಂತ ಬರ್ತಿದ್ದೂ. ಈಕಿ ಎಲ್ಲಾ ಕೇಳಿಸ್ಕೊಂಡಳು. ನಿನ್ನ ಮಗಾ ಬರೀಲಾರದ ಇದ್ರ, ಇರ್ಲಿ ಬಿಡು. ಬರದಾಗ ಖರೇ ಬರೀತಾನ."

ಕರೀಮಾಬಿ ಬೀರವ್ವನ ಕಡೆ ನೋಡಿದಳು. ಬೀರವ್ವ ಅವಳ ಕಣ್ಣು ತಪ್ಪಿಸಲಿಲ್ಲ, ಹೌದೆನ್ನಲೂ ಇಲ್ಲ. ಲಕೋಟೆಯನ್ನು ಎತ್ತಿಕೊಂಡು, ವಿಳಾಸ ಬರೆಸದೆಯೇ, ಕರೀಮಾಬಿ ಹೊರಟುಹೋದಳು.

"ಯಾಕ ಹೇಳಿದ್ರಿ? ಯಾರು ಕೇಳಿದ್ರು?" ಎಂದಳು ಬೀರವ್ವ.

"ಹೊಗಳಿಕಿ ಕೇಳಿ ಕೇಳಿ ಸಾಕಾಗಿತ್ತು," ಎಂದ ಯಮನಪ್ಪ.

ಮಾತು ಓಣಿಯಲ್ಲಿ ಹರಡಲು ಎರಡು ದಿನ ಸಾಕಾಯಿತು. ಕೆಲವರು ಅಂಗಡಿಯ ಮುಂದೆ ಹಾಯುವಾಗ ಮಾತಾಡಿಸುವುದನ್ನು ಬಿಟ್ಟರು. ಒಬ್ಬಳು ಮುದುಕಿ ನಡುಬೀದಿಯಲ್ಲಿ ನಿಂತು ಅವನನ್ನು ಬೈದಳು. ಅವನು ಅರದಿಂದ ಕೀಲಿ ಉಜ್ಜುತ್ತ ತಲೆ ತಗ್ಗಿಸಿ ಕೇಳಿದ, ಮುಗಿಯುವವರೆಗೂ.

ಹತ್ತು ದಿನದ ಮೇಲೆ ಕರೀಮಾಬಿ ಮತ್ತೆ ಬಂದಳು. ಸಲಾಮು ಹೇಳಲಿಲ್ಲ, ಅಣ್ಣಾ ಎನ್ನಲಿಲ್ಲ. ಸೆರಗಿನೊಳಗಿಂದ ಲಕೋಟೆ ತೆಗೆದು ಅವನ ಮುಂದಿನ ಹಲಗೆಯ ಮೇಲಿಟ್ಟಳು. ಯಮನಪ್ಪ ಎಣ್ಣೆಯ ಕೈಯನ್ನು ಒರೆಸಿಕೊಂಡ, ಸಾಲದೆಂದು ಸೀಗೆಪುಡಿ ಹಚ್ಚಿ ತೊಳೆದುಕೊಂಡು ಬಂದ, ಆಮೇಲೆ ಕೂತು ಅವಳ ಮಗನ ಹೆಸರು ಬರೆಯತೊಡಗಿದ.